ಮಕ್ಕಳ ಹಾಯಿದೋಣಿ ರೇಸಿಗೆ ಫೀ ಕಟ್ಟುವ ಮೊದಲು ಟಾಲಿ ಶೀಟ್ ಎಲ್ಲಿದೆ ಅಂತ ಕೇಳಿ

ಮಕ್ಕಳನ್ನು ಆಪ್ಟಿಮಿಸ್ಟ್ ರೇಸಿಗೆ ಕಳಿಸುವ ಅಪ್ಪ-ಅಮ್ಮಂದಿರು ಇದನ್ನು ದಯವಿಟ್ಟು ಪೂರ್ತಿ ಓದಿ. ಕ್ಲಬ್ಬಿನ ಹೆಸರಾಗಲಿ ಜಲಾಶಯದ ಹೆಸರಾಗಲಿ ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಆ ಹೆಸರಿನ ಸುತ್ತಲೇ ತಿರುಗುತ್ತದೆ, ವಿಷಯ ಹಿಂದೆ ಬೀಳುತ್ತದೆ. ಇದೇ ಥರ ರೇಸ್ ನಡೆಸುವವರು ಬೇರೆ ಕಡೆಯೂ ಇದ್ದಾರೆ ಅಂತ ಆಮೇಲೆ ಬೇರೆ ಪೋಷಕರಿಂದ ಕೇಳಿದೆ.

ಟಾಲಿ ಶೀಟ್ ಅಂದರೆ ನೀರಿಗಿಳಿಯುವಾಗ ಮತ್ತು ವಾಪಸ್ ಬಂದಾಗ ಮಕ್ಕಳು ಸಹಿ ಹಾಕುವ ಹಾಳೆ. ಅದು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದೇ ಇಲ್ಲಿನ ವಿಷಯ. ಬಿರುಗಾಳಿ ಎದ್ದಾಗ ನೀರಿನಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ರೇಸ್ ನಡೆಸುತ್ತಿದ್ದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬ ಹುಡುಗ ಮುಕ್ಕಾಲು ಗಂಟೆ ಎಲ್ಲಿದ್ದಾನೆ ಅಂತಲೇ ತಿಳಿಯಲಿಲ್ಲ. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಅದು ಕ್ಲಬ್ಬಿನ ಪುಣ್ಯ, ಕ್ಲಬ್ಬಿನ ಕೆಲಸ ಅಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಆಪ್ಟಿಮಿಸ್ಟ್ ಅಂದರೆ ಒಂದು ಮಗು ಒಬ್ಬಂಟಿಯಾಗಿ ನಡೆಸುವ, ಸುಮಾರು 2.3 ಮೀಟರ್ ಉದ್ದದ, ಒಂದೇ ಹಾಯಿಯ ಪುಟ್ಟ ದೋಣಿ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬುವರು ಇದನ್ನು ರೂಪಿಸಿದರು. 15 ತುಂಬುವ ವರ್ಷದವರೆಗೆ ಮಕ್ಕಳು ಇದರಲ್ಲಿ ರೇಸ್ ಮಾಡಬಹುದು. ನಮ್ಮ ಕಡೆ ಕೆರೆ, ಜಲಾಶಯ, ಹೈದರಾಬಾದಿನ ಹುಸೇನ್ ಸಾಗರ, ಚೆನ್ನೈ ಬಂದರು ಎಲ್ಲ ಕಡೆ ಮಕ್ಕಳು ಓಡಿಸುತ್ತಾರೆ. ದೋಣಿ ಮಗುಚುವುದು ಈ ಆಟದಲ್ಲಿ ದಿನನಿತ್ಯದ ಸಂಗತಿ. ಮಗುಚಿದರೆ ಎತ್ತಿ ನಿಲ್ಲಿಸಿ, ನೀರು ಎತ್ತಿಹಾಕಿ, ಮುಂದೆ ಹೋಗುವುದನ್ನು ಮಕ್ಕಳು ಮೊದಲೇ ಕಲಿತಿರುತ್ತಾರೆ. ಹಾಗಾಗಿ ನಾನು ಮಗುಚಿದ್ದಕ್ಕೆ ಹೆದರಿ ಬರೆಯುತ್ತಿರುವ ಅಮ್ಮ ಅಲ್ಲ.

ಕ್ಲಬ್ಬಿನವರ ರೀತಿ ಮೊದಲ ದಿನ ಬೆಳಿಗ್ಗೆಯೇ ಗೊತ್ತಾಯಿತು. ಯಾವುದೇ ರೇಸಿಗೆ ಎರಡು ಕಾಗದ ಇರಬೇಕು. ಒಂದು ನೋಟಿಸ್ ಆಫ್ ರೇಸ್, ಅದು ಹೆಸರು ಕೊಡುವ ಮೊದಲೇ ಸಿಗಬೇಕು. ಇನ್ನೊಂದು ಸೇಲಿಂಗ್ ಇನ್‌ಸ್ಟ್ರಕ್ಷನ್ಸ್, ಎಲ್ಲರೂ ಎಸ್‌ಐ ಅನ್ನುವುದು. ಕೋರ್ಸ್, ಅಂದರೆ ದೋಣಿ ಸಾಗಬೇಕಾದ ದಾರಿ ಹೇಗೆ, ಯಾವ ಬಾವುಟಕ್ಕೆ ಏನರ್ಥ, ಪ್ರೊಟೆಸ್ಟ್, ಅಂದರೆ ದೂರು ಕೊಡಲು ಎಷ್ಟು ಹೊತ್ತು, ಸುರಕ್ಷತೆಗೆ ಏನು ಮಾಡಬೇಕು ಎಲ್ಲ ಅದರಲ್ಲೇ ಇರುತ್ತದೆ. ನಮಗೆ ನೋಟಿಸ್ ಅಂತ ಬಂದದ್ದು ಮುಖ್ಯ ಅತಿಥಿಗಳ ಫೋಟೋ ಇದ್ದ ಒಂದು ಪೋಸ್ಟರ್. ಎಸ್‌ಐ ತಿಂಡಿ ಹೊತ್ತಿಗೆ ವಾಟ್ಸಾಪ್‌ನಲ್ಲಿ ಫೋಟೋಗಳಾಗಿ ಬಂತು. ನಡುವೆ ಒಂದು ಪುಟವೇ ಇರಲಿಲ್ಲ. ಕೇಳಿದರೆ, "ಮೇಡಂ, ಅದೆಲ್ಲ ನ್ಯಾಷನಲ್ಸ್‌ಗೆ. ಇದು ಮಕ್ಕಳ ರೇಸ್ ಅಲ್ವಾ" ಅಂದರು.

ಮಕ್ಕಳ ರೇಸ್ ಅಂತಲೇ ಕೇಳಿದ್ದು ಸ್ವಾಮಿ!

ಆಮೇಲೆ ಬದಲಾವಣೆಗಳೆಲ್ಲ ಮೈಕಿನಲ್ಲಿ. "ಇವತ್ತು ಮೂರು ರೇಸ್ ಅಲ್ಲ, ನಾಲ್ಕು." "ಗೇಟ್ ಇಲ್ಲ, ಒಂದೇ ಬೋಯ್ ಸುತ್ತಿ." (ಬೋಯ್ ಅಂದರೆ ನೀರಿನ ಮೇಲೆ ತೇಲುವ ಗುರುತು, ಗೇಟ್ ಅಂದರೆ ಅಂಥ ಎರಡರ ನಡುವಿನ ದಾರಿ.) ಹಾಗೆ ಮಾಡುವಂತಿಲ್ಲ. ಹಾಯಿದೋಣಿ ಆಟದ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಸೇಲಿಂಗ್‌ನ ರೂಲ್‌ಬುಕ್ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುತ್ತದೆ, ಈಗಿನದು 2025–2028ರದ್ದು. ಎಸ್‌ಐ ಬದಲಿಸಿದರೆ ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು ಅಂತ ಅದರಲ್ಲಿದೆ. ಬಾಯಿಮಾತಿನ ಬದಲಾವಣೆ ನೀರಿನ ಮೇಲೆ ಮಾತ್ರ, ಅದೂ ಎಸ್‌ಐನಲ್ಲಿ ಅದಕ್ಕೊಂದು ಕ್ರಮ ಬರೆದಿದ್ದರೆ ಮಾತ್ರ. ಇಲ್ಲಿ ನೋಟಿಸ್ ಬೋರ್ಡೇ ಇರಲಿಲ್ಲ. ಊಟದ ಮೆನು ಬರೆದ ಬೋರ್ಡ್ ಇತ್ತು.

ಬಾವುಟಗಳ ಕಥೆಯೂ ಅಷ್ಟೇ. ಸ್ಟಾರ್ಟಿಗೆ ಐದು ನಿಮಿಷ ಮೊದಲು ಕ್ಲಾಸ್ ಬಾವುಟ, ಅಂದರೆ ಆ ಬಗೆಯ ದೋಣಿಯ ಬಾವುಟ, ನಾಲ್ಕು ನಿಮಿಷಕ್ಕೆ ಇನ್ನೊಂದು, ಒಂದು ನಿಮಿಷ ಇರುವಾಗ ಆ ಎರಡನೆಯದು ಕೆಳಗೆ, ಸೊನ್ನೆಗೆ ಕ್ಲಾಸ್ ಬಾವುಟವೂ ಕೆಳಗೆ. ಲೆಕ್ಕಕ್ಕೆ ಬರುವುದು ಬಾವುಟ. ಹಾರ್ನ್ ಸುಮ್ನೆ ಗಮನ ಸೆಳೆಯುವುದಕ್ಕೆ. ಹಾರ್ನ್ ಊದದಿದ್ದರೂ ಸ್ಟಾರ್ಟ್ ಸ್ಟಾರ್ಟೇ. ಇವರದು ತಲೆಕೆಳಗು. ರೇಸ್ ನಡೆಸುವವರು ಕೂರುವ ಕಮಿಟಿ ಬೋಟಿನಿಂದ ಹಾರ್ನ್ ಜೋರಾಗಿ ಕೇಳುತ್ತಿತ್ತು, ಬಾವುಟ ನೆನಪಾದಾಗ ಏರುತ್ತಿತ್ತು. ಮಕ್ಕಳು ಬಾವುಟ ನೋಡುವುದನ್ನೇ ಬಿಟ್ಟರು. ಇದರ ಬೆಲೆ ಏನು ಅನ್ನುವುದು ಎರಡನೇ ದಿನ ಗೊತ್ತಾಯಿತು.

ಏಪ್ರಿಲ್ ಕೊನೆ. ಮಧ್ಯಾಹ್ನ ಉರಿಬಿಸಿಲು, ಮೂರು ಗಂಟೆಯ ಮೇಲೆ ಪಶ್ಚಿಮದಲ್ಲಿ ಕಪ್ಪು ಮೋಡ. ಮೈಸೂರು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಮಳೆಯಲ್ಲಿ ಅಪಾಯ ಬರುವುದು ಮಳೆಗಿಂತ ಮೊದಲು. ಮೋಡದಿಂದ ತಣ್ಣನೆ ಗಾಳಿ ಕೆಳಗೆ ಬಿದ್ದು ಎಲ್ಲ ದಿಕ್ಕಿಗೂ ಹರಡುತ್ತದೆ. ನೀರಿನ ಮೇಲೆ ಅದು ಬರುವಾಗ ಮೊದಲಿನ ಗಾಳಿ ನಿಂತುಹೋಗುತ್ತದೆ, ಆಮೇಲೆ ಬೇರೆ ದಿಕ್ಕಿನಿಂದ ಒಮ್ಮೆಗೇ ಹೊಡೆಯುತ್ತದೆ. ಅಲ್ಲಿದ್ದ ಕೋಚ್‌ಗಳೆಲ್ಲ ರೇಸ್ ಬೇಡ ಅಂದರು. ಇಂಥ ಹೊತ್ತಿಗಾಗಿಯೇ ಎಪಿ ಬಾವುಟ ಇದೆ. ಕೆಂಪು-ಬಿಳಿ ಪಟ್ಟೆಯದು, ಏರಿಸಿದರೆ ಸ್ಟಾರ್ಟ್ ಮುಂದಕ್ಕೆ. ಅದರ ಕೆಳಗೆ ಎಚ್ ಬಾವುಟ ಹಾಕಿದರೆ ಎಲ್ಲರೂ ದಡಕ್ಕೆ. ಆದರೆ ಸಂಜೆ ಐದಕ್ಕೆ ಬಹುಮಾನ ಕಾರ್ಯಕ್ರಮ, ಅತಿಥಿಗಳು ಆಗಲೇ ಹೊರಟಿದ್ದರು. ರೇಸ್ ಶುರು ಮಾಡಿಯೇಬಿಟ್ಟರು.

ಮುಂದಿದ್ದ ನಾಲ್ಕೈದು ಮಕ್ಕಳು ಮುಗಿಸುವಷ್ಟರಲ್ಲಿ ಗಾಳಿ ಬಂತು. ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ದೋಣಿಗಳು ಒಟ್ಟಿಗೇ ಮಗುಚಿದವು. ಆಗಲಾದರೂ ಎನ್ ಬಾವುಟ ಏರಿಸಿ, ಮೂರು ಹಾರ್ನ್ ಊದಿ ರೇಸ್ ರದ್ದು ಮಾಡಬೇಕಿತ್ತು. ಕಮಿಟಿ ಬೋಟಿನಿಂದ ಒಂದೇ ಸಮ ಹಾರ್ನ್ ಬಂತು, ಬಾವುಟ ಬರಲಿಲ್ಲ. ಕೆಲವು ಮಕ್ಕಳು ರೇಸ್ ನಿಂತಿತು ಅಂದುಕೊಂಡು ತಿರುಗಿದರು. ಕೆಲವರು ಆ ಗಾಳಿಯಲ್ಲೂ ಮುಂದಿನ ಬೋಯ್ ಕಡೆಗೆ ಹೋದರು. ಹೀಗೆ ಮಕ್ಕಳು ಜಲಾಶಯದ ತುಂಬಾ ಚದುರಿಹೋದರು.

ರೆಸ್ಕ್ಯೂ ಬೋಟ್ ಇದ್ದದ್ದು ಎರಡು. ಒಂದರಲ್ಲಿ ಫೋಟೋಗ್ರಾಫರ್ ಮತ್ತು ಪ್ರಾಯೋಜಕರ ಮನೆಯವರು. ಅದನ್ನು ಮೊದಲು ದಡಕ್ಕೆ ತಂದು ಅವರನ್ನು ಇಳಿಸಬೇಕಾಯಿತು. ಹೋಲಿಕೆಗೆ ಹೇಳುತ್ತೇನೆ: ಬ್ರಿಟನ್ನಿನ ಹಾಯಿದೋಣಿ ಆಟದ ಸಂಸ್ಥೆ ಆರ್‌ವೈಎಯ ತರಬೇತಿ ಕೇಂದ್ರಗಳಲ್ಲಿ ಆರು ದೋಣಿಯವರೆಗೆ ಒಂದು ಸುರಕ್ಷತಾ ಬೋಟ್, ಹದಿನೈದರವರೆಗೆ ಎರಡು, ಅದಕ್ಕಿಂತ ಜಾಸ್ತಿ ಇದ್ದರೆ ಮೂರು. ಇಲ್ಲಿ ಹೆಸರು ಕೊಟ್ಟವರು 32 ಮಕ್ಕಳು. ಕೋಚ್‌ಗಳ ಹತ್ತಿರ ಇನ್ನೂ ಎರಡು ಮೋಟಾರ್ ಬೋಟ್ ಇದ್ದವು. ಆದರೆ ಹೊರಗಿನ ಸಹಾಯ ಕೊಡುತ್ತಾರೆ ಅಂತ ಅವನ್ನು ನೀರಿಗಿಳಿಸಲು ಬಿಟ್ಟಿರಲಿಲ್ಲ. ರೇಸಿನ ನಡುವೆ ಕೋಚ್ ಹೇಳಿಕೊಡಬಾರದು, ನಿಜ. ಅಪಾಯದಲ್ಲಿರುವವರಿಗೆ ಕೈಲಾದ ಎಲ್ಲ ಸಹಾಯ ಮಾಡಲೇಬೇಕು ಅನ್ನುವುದು ಅದೇ ಪುಸ್ತಕದ ಮೊದಲನೇ ನಿಯಮ, ಮತ್ತು ಅದು ಕೋಚ್‌ಗಳಿಗೂ ಅನ್ವಯಿಸುತ್ತದೆ. ಕೊನೆಗೆ ಕೋಚ್‌ಗಳು ಯಾರ ಅನುಮತಿಗೂ ಕಾಯದೆ ಹೊರಟರು. ಹೆಚ್ಚಿನ ಮಕ್ಕಳನ್ನು ದಡಕ್ಕೆ ತಂದದ್ದು ಅವರೇ.

ದೋಣಿಗಳ ಸ್ಥಿತಿ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಅಲ್ಲಿ ಬಾಡಿಗೆಗೆ ಕೊಟ್ಟದ್ದು ಕ್ಲಬ್ಬಿನ ದೋಣಿಗಳನ್ನೇ. ಆಪ್ಟಿಮಿಸ್ಟ್ ಕ್ಲಾಸ್ ನಿಯಮದಲ್ಲಿ ಮುಂದೆ ಕಟ್ಟಿರುವ ಹಗ್ಗ, ಅಂದರೆ ಪೇಂಟರ್, ತೇಲುವಂಥದ್ದಾಗಿರಬೇಕು, ಕನಿಷ್ಠ 8 ಮೀಟರ್ ಉದ್ದ, 5 ಮಿಲಿಮೀಟರ್ ದಪ್ಪ. ಇಂಥ ಹೊತ್ತಲ್ಲಿ ಹತ್ತು ದೋಣಿಗಳನ್ನು ಸಾಲಾಗಿ ಕಟ್ಟಿ ಎಳೆಯುವುದು ಆ ಹಗ್ಗದಿಂದಲೇ. ಇವರ ದೋಣಿಗಳಲ್ಲಿ ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಹಗ್ಗದ ತುಂಡುಗಳು. ಎಳೆದ ತಕ್ಷಣ ಕಿತ್ತುಬಂದವು. ಮಗುಚಿದಾಗ ಮಾಸ್ಟ್, ಅಂದರೆ ಹಾಯಿಕಂಬ, ಜಾರಿ ಹೊರಗೆ ಬರದಂತೆ ಕಟ್ಟಿರಬೇಕು. ಎರಡು ದೋಣಿಗಳಲ್ಲಿ ಕಟ್ಟಿರಲಿಲ್ಲ, ಮಾಸ್ಟ್ ಹೊರಬಂತು. ದೋಣಿಯೊಳಗಿನ ಮೂರು ಗಾಳಿಚೀಲಗಳಲ್ಲಿ ಒಂದು ಮೆತ್ತಗಿದ್ದರೂ ಮಗು ಎಷ್ಟು ನೀರು ಎತ್ತಿಹಾಕಿದರೂ ದೋಣಿ ಏಳುವುದಿಲ್ಲ. ರೇಸಿನ ಮೊದಲು ಇದನ್ನೆಲ್ಲ ಮುಟ್ಟಿ ನೋಡಲು ಒಬ್ಬರಿಗೆ ಐದು ನಿಮಿಷ ಸಾಕು. ಯಾರೂ ನೋಡಿರಲಿಲ್ಲ.

ಈಗ ಆ ಹುಡುಗನ ವಿಷಯ. ಬೇರೆ ಊರಿಂದ ಬಂದವನು, ಹನ್ನೊಂದು ವರ್ಷ. ಆಚೆ ದಡದ ಹತ್ತಿರ ಮಗುಚಿದ ಒಂದು ಖಾಲಿ ದೋಣಿ ಸಿಕ್ಕಿತು, ಹಾಯಿಯ ನಂಬರ್ ಅವನದು. ಚೆನ್ನಾಗಿ ನಡೆಸುವ ರೇಸುಗಳಲ್ಲಿ ಮಗುವನ್ನು ಎತ್ತಿಕೊಂಡು ದೋಣಿಯನ್ನು ಅಲ್ಲೇ ಬಿಟ್ಟರೆ, ದೋಣಿಗೆ ಒಂದು ಬಣ್ಣದ ಟೇಪ್ ಕಟ್ಟುತ್ತಾರೆ. ಮಗು ಸಿಕ್ಕಿದೆ, ಮತ್ತೆ ಹುಡುಕಬೇಡಿ ಅಂತ ಅದರ ಅರ್ಥ. ಇಲ್ಲಿ ಅಂಥ ಪದ್ಧತಿಯೇ ಇರಲಿಲ್ಲ. ಹಾಗಾಗಿ ಟೇಪ್ ಇಲ್ಲದ ಆ ದೋಣಿಯಿಂದ ಏನೂ ತಿಳಿಯುವಂತಿರಲಿಲ್ಲ. ಹುಡುಗ ಇನ್ನೊಂದು ಬೋಟಿನಲ್ಲಿದ್ದಾನಾ, ನೀರಿನಲ್ಲಿದ್ದಾನಾ?

ಎಣಿಸೋಣ ಅಂದರೆ ಯಾವ ಲೆಕ್ಕಕ್ಕೆ ಎಣಿಸುವುದು? ಹೆಸರು ಕೊಟ್ಟವರು 32. ಆದರೆ ಸುಸ್ತಾಯಿತು ಅಂತ ಕೆಲವರು ಆ ರೇಸಿಗೆ ಇಳಿದೇ ಇರಲಿಲ್ಲ. ಮೊದಲು ದಡಕ್ಕೆ ಬಂದವರು ಬಟ್ಟೆ ಬದಲಿಸಲು ಕಾರಿಗೆ ಹೋಗಿದ್ದರು. ಒಬ್ಬರು ಮೈಕ್ ಹಿಡಿದು ಹೆಸರು ಕೂಗುತ್ತಿದ್ದರು, ಮಳೆಯಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಒಂದು ಸಲ 29 ಅಂದರು, ಇನ್ನೊಂದು ಸಲ 27. ಆ ಹುಡುಗನ ತಾಯಿ ನನ್ನ ಪಕ್ಕದಲ್ಲೇ ಇದ್ದರು. ಅವರನ್ನು ನೋಡುವುದು ನನ್ನಿಂದ ಆಗಲಿಲ್ಲ.

ಕೊನೆಗೆ ಅವರಿಗೇ ಫೋನ್ ಬಂತು. "ನಿಮ್ ಹುಡ್ಗ ಇಲ್ಲೇ ಅವ್ನೆ ಕಣಮ್ಮ, ಟೀ ಕುಡೀತಾವ್ನೆ." ಆಚೆ ದಡದ ಮೀನುಗಾರರು ಅವನು ಲೈಫ್ ಜಾಕೆಟ್‌ನಲ್ಲಿ ತೇಲುತ್ತಿರುವುದನ್ನು ನೋಡಿ ಹರಿಗೋಲಿಗೆ ಎಳೆದುಕೊಂಡಿದ್ದರು. ಅಮ್ಮನ ನಂಬರ್ ಅವನಿಗೆ ಬಾಯಿಗೆ ಬರುತ್ತಿತ್ತು.

ಇದೆಲ್ಲಕ್ಕೂ ಮದ್ದು ಒಂದು ಹಾಳೆ. ಟಾಲಿ ಶೀಟ್ ಅನ್ನುತ್ತಾರೆ, ಕೆಲವು ಕಡೆ ನಂಬರ್ ಇರುವ ಬಿಲ್ಲೆಗಳ ಬೋರ್ಡ್ ಇರುತ್ತದೆ. ನೀರಿಗಿಳಿಯುವ ಮೊದಲು ಮಗು ತಾನೇ ಬಂದು ಹಾಯಿ ನಂಬರಿನ ಎದುರು ಸಹಿ ಹಾಕಬೇಕು, ವಾಪಸ್ ಬಂದ ತಕ್ಷಣ ಮತ್ತೆ ಸಹಿ. ಅಪ್ಪ ಹಾಕುವಂತಿಲ್ಲ, ಕೋಚ್ ಹಾಕುವಂತಿಲ್ಲ. ನಡುವೆ ರೇಸ್ ಬಿಟ್ಟು ಬಂದರೆ ಕಮಿಟಿಗೆ ತಿಳಿಸಲೇಬೇಕು. ಸಹಿ ಮರೆತರೆ ಪಾಯಿಂಟ್ ದಂಡ ಅಂತ ಎಸ್‌ಐಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಒಂದು ಸಹಿಗೆ ಮಗುವಿಗೆ ದಂಡವಾ ಅಂತ ಗೊಣಗುವ ಪೋಷಕರನ್ನು ನಾನು ನೋಡಿದ್ದೇನೆ. ಆ ದಂಡ ಇರಲೇಬೇಕು. ಸ್ಕೂಲ್ ಬಸ್ಸಿನ ಆಯಮ್ಮ ಕೂಡ ತಲೆ ಎಣಿಸಿಯೇ ಇಳಿಸುತ್ತಾರೆ, ಅಲ್ವಾ? ಜೊತೆಗೆ ಮಕ್ಕಳ ರೇಸುಗಳಲ್ಲಿ ದಡದಲ್ಲಿ ಡಿ ಬಾವುಟ ಏರುವ ತನಕ ಯಾರೂ ನೀರಿಗಿಳಿಯಬಾರದು ಅಂತ ಒಂದು ಕ್ರಮ ಇಟ್ಟುಕೊಳ್ಳುತ್ತಾರೆ. ರೆಸ್ಕ್ಯೂ ಬೋಟುಗಳು ಸಿದ್ಧವಾದ ಮೇಲೆ ಆ ಬಾವುಟ ಏರುತ್ತದೆ.

ಮರುದಿನ ಕೇಳಲು ಹೋದಾಗ ಸಂಘಟಕರು ರೂಲ್‌ಬುಕ್ ತೆಗೆದರು. ಅಲ್ಲಿಯವರೆಗೆ ಅದು ಅವರ ಹತ್ತಿರ ಇದೆ ಅಂತಲೇ ಗೊತ್ತಿರಲಿಲ್ಲ! ರೇಸಿಗೆ ಇಳಿಯುವ, ಮುಂದುವರಿಯುವ ನಿರ್ಧಾರದ ಹೊಣೆ ದೋಣಿಯದೇ ಅಂತ ಅದರಲ್ಲಿದೆ, ಹೌದು. ಒಳ್ಳೆಯ ನಿಯಮವೇ. ಆದರೆ ಬಾವುಟ ತೋರಿಸದೆ, ಎಸ್‌ಐ ಪೂರ್ತಿ ಕೊಡದೆ, ಹನ್ನೊಂದು ವರ್ಷದವನಿಗೆ ನಿರ್ಧಾರ ನಿನ್ನದಪ್ಪಾ ಅನ್ನುವುದು ಯಾವ ನ್ಯಾಯ?

ಫಲಿತಾಂಶದಲ್ಲೂ ಅದೇ ಗತಿ. ರೇಸ್ ರದ್ದು ಮಾಡಲೇ ಇಲ್ಲ ಅಂತ, ಮುಗಿಸಿದ ನಾಲ್ಕೈದು ಮಕ್ಕಳನ್ನು ಬಿಟ್ಟು ಎಲ್ಲರಿಗೂ ಡಿಎನ್‌ಎಫ್, ಅಂದರೆ ರೇಸ್ ಮುಗಿಸಲಿಲ್ಲ ಅಂತ ಹಾಕಿದರು. ಅದಕ್ಕೆ ಒಟ್ಟು ಹೆಸರು ಕೊಟ್ಟವರಿಗಿಂತ ಒಂದು ಹೆಚ್ಚು, 33 ಪಾಯಿಂಟ್. ಈ ಆಟದಲ್ಲಿ ಪಾಯಿಂಟ್ ಕಡಿಮೆ ಇದ್ದಷ್ಟೂ ಒಳ್ಳೆಯದು. ನನ್ನ ಮಗಳು ಗಾಳಿ ಬಂದಾಗ ಮಾಸ್ಟ್ ಕಳಚಿದ ಒಬ್ಬ ಚಿಕ್ಕ ಹುಡುಗಿಯ ಹತ್ತಿರ ನಿಂತು, ಅವಳ ಕೈ ಹಿಡಿದುಕೊಂಡೇ ಬೋಟ್ ಬರುವ ತನಕ ಕಾದಳು. ಹೀಗೆ ಸಹಾಯಕ್ಕೆ ನಿಂತು ಸ್ಥಾನ ಕಳೆದುಕೊಂಡವರು ರಿಡ್ರೆಸ್, ಅಂದರೆ ಪಾಯಿಂಟ್ ಸರಿಪಡಿಸಿ ಅಂತ ಕೇಳಬಹುದು, ನಿಯಮ ಸ್ಪಷ್ಟವಾಗಿದೆ. ಕೇಳಿದಳು. "ಟೈಮ್ ಮುಗೀತಮ್ಮ" ಅಂದರು. ಯಾವ ಟೈಮ್ ಅಂತ ಎಲ್ಲಿಯೂ ಹಾಕಿರಲಿಲ್ಲ. ಅವಳಿಗೆ ಪಾಯಿಂಟ್ ಬಗ್ಗೆ ಅಷ್ಟು ಬೇಜಾರಿರಲಿಲ್ಲ. "ಅಮ್ಮಾ, ಅವರು ಆ ಹುಡುಗಿ ಹೆಸರನ್ನೂ ಕೇಳಲಿಲ್ಲ" ಅಂದಳು.

ಹಾಗಾಗಿ ನೀವು ಹೋಗುವ ಮೊದಲು ಫೋನ್ ಮಾಡಿ ಕೇಳಿ. ಟಾಲಿ ಯಾರು ನೋಡಿಕೊಳ್ಳುತ್ತಾರೆ, ಅವರು ರೇಸ್ ಮುಗಿಯುವ ತನಕ ದಡದಲ್ಲೇ ಇರುತ್ತಾರಾ ಅಂತ ಕೇಳಿ. ಟಾಲಿ ಅಂದರೆ ಏನು ಅಂತ ನಿಮ್ಮನ್ನೇ ಕೇಳಿದರೆ ಮಾತು ಅಲ್ಲಿಗೇ ಮುಗಿಸಿ. ರೆಸ್ಕ್ಯೂ ಬೋಟ್ ಎಷ್ಟು, ಅದರಲ್ಲಿ ಬೇರೆ ಯಾರಾದರೂ ಕೂರುತ್ತಾರಾ, ಕೋಚ್ ಬೋಟುಗಳಿಗೆ ತುರ್ತಿನಲ್ಲಿ ಯಾವ ಸೂಚನೆ ಅಂತಲೂ ಕೇಳಿ. ಗಾಳಿ ಎಷ್ಟಾದರೆ ನಿಲ್ಲಿಸುತ್ತೀರಿ ಅನ್ನುವುದಕ್ಕೆ ಒಂದು ಸಂಖ್ಯೆ ಬರಬೇಕು, "ನೋಡ್ಕೊಂಡು ಮಾಡ್ತೀವಿ" ಅನ್ನುವುದು ಉತ್ತರ ಅಲ್ಲ. ಅಲ್ಲಿಗೆ ಹೋದ ಮೇಲೆ ಪೇಂಟರ್ ಎಳೆದು ನೋಡಿ, ಗಾಳಿಚೀಲ ಒತ್ತಿ ನೋಡಿ, ನೀರು ಎತ್ತಿಹಾಕುವ ಬೇಲರ್ ಕಟ್ಟಿದೆಯಾ ನೋಡಿ, ಲೈಫ್ ಜಾಕೆಟ್‌ಗೆ ಸೀಟಿ ಇದೆಯಾ ನೋಡಿ. ಮಗುವಿಗೆ ನಿಮ್ಮ ಫೋನ್ ನಂಬರ್ ಬಾಯಿಪಾಠ ಮಾಡಿಸಿ.

ನಾವು ಕೆಲವು ಪೋಷಕರು ಸೇರಿ ಕ್ಲಬ್ಬಿಗೆ ಎರಡು ಪುಟದ ಪತ್ರ ಬರೆದೆವು. ಸಲಹೆಗಳಿಗೆ ಧನ್ಯವಾದ ಅಂತ ಒಂದು ಸಾಲಿನ ಉತ್ತರ ಬಂತು. ಮುಂದಿನ ರೇಸಿನ ನೋಟಿಸ್ ಈಗ ಬಂದಿದೆ. ಈ ಸಲ ಪೋಸ್ಟರ್ ಅಲ್ಲ, ನಾಲ್ಕು ಪುಟ ಇದೆ. ಬಹುಮಾನ, ವಸತಿ, ಟಿ-ಶರ್ಟ್ ಅಳತೆ ಎಲ್ಲ ಇದೆ. ಟಾಲಿ ಬಗ್ಗೆ ಒಂದು ಸಾಲೂ ಇಲ್ಲ. ನಾವು ಹೋಗುತ್ತಿಲ್ಲ.