ಸಖಿ ಕೇಂದ್ರ: ಜೊತೆಗೆ ಹೋಗಿ ಬಂದವಳ ಅನುಭವ

ನಾನು ಬಟ್ಟೆ ಹೊಲಿಯುವವಳು. ರವಿಕೆಗೆ ಅಳತೆ ತೆಗೆಯುವಾಗ ಟೇಪು ತಾಗಿದ್ದಕ್ಕೇ ನನ್ನ ಗಿರಾಕಿ ಒಬ್ಬಳು ಕೈ ಹಿಂದಕ್ಕೆ ಎಳೆದುಕೊಂಡಳು. ತೋಳಿನ ಮೇಲೆ ನೀಲಿಗಟ್ಟಿದ ಬೆರಳಿನ ಗುರುತುಗಳು. "ಉದ್ದ ತೋಳು ಇಡಿ ಅಕ್ಕಾ" ಎಂದಳು. ಹಿಂದಿನ ಸಲವೂ ಹಾಗೇ ಹೇಳಿದ್ದಳು. ಆಗ ನನಗೆ ಹೊಳೆದಿರಲಿಲ್ಲ.

ಒಂದು ಠಾಣೆಗೆ ಹೋಗಿದ್ದಳಂತೆ. "ಹೊಂದಿಕೊಂಡು ಹೋಗಮ್ಮ" ಎಂದು ವಾಪಸ್ ಕಳಿಸಿದ್ದರು. ನಾನು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದೆ. ಅವರು ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್‌ಗೆ, ಅಂದರೆ ಹಿಂಸೆಗೆ ಒಳಗಾದ ಹೆಂಗಸರಿಗೆ ಎಲ್ಲ ನೆರವೂ ಒಂದೇ ಕಡೆ ಸಿಗುವ ಸರ್ಕಾರಿ ಕೇಂದ್ರಕ್ಕೆ, ಹೋಗಲು ಹೇಳಿದರು. 2015ರಿಂದ ದೇಶದಲ್ಲಿ ಈ ಕೇಂದ್ರಗಳಿವೆ, ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ.

ಆಸ್ಪತ್ರೆ ಆವರಣದಲ್ಲಿ ಎರಡು ಕೋಣೆ, ಅಷ್ಟೇ. ಆದರೆ ಅಲ್ಲಿನ ಸಮಾಲೋಚಕಿ ಮೊದಲು ನೀರು ಕೊಟ್ಟರು. ನನ್ನನ್ನು ಹೊರಗೆ ಕೂರಿಸಿದರು. ಅದು ಸರಿ ಅಲ್ವಾ, ನನ್ನೆದುರು ಅವಳು ಎಲ್ಲ ಹೇಳುತ್ತಿರಲಿಲ್ಲ. ಗಾಯಗಳನ್ನು ಡಾಕ್ಟರ್ ನೋಡಿ ಬರೆದುಕೊಂಡರು. ಆಮೇಲೆ ಡಿಐಆರ್, ಅಂದರೆ ಮನೆಯಲ್ಲಿ ನಡೆದ ಹಿಂಸೆಯ ವರದಿ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದರು. ಗಾರ್ಮೆಂಟ್ಸ್ ಸಂಬಳದ ಎಟಿಎಂ ಕಾರ್ಡ್ ಗಂಡನ ಹತ್ತಿರವೇ ಇದೆ ಎಂದು ಇವಳು ಸುಮ್ನೆ ಮಾತಿಗೆ ಹೇಳಿದ್ದಳು. ಅದನ್ನೂ ಸೇರಿಸಿದರು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಪ್ರಕಾರ ದುಡ್ಡು ಕಸಿದುಕೊಳ್ಳುವುದೂ ಹಿಂಸೆಯೇ. ಮನೆ ಗಂಡನ ಹೆಸರಲ್ಲಿದ್ದರೂ ಅವಳಿಗೆ ಅಲ್ಲಿ ಇರುವ ಹಕ್ಕಿದೆ. ಇದು ನನಗೂ ಅವತ್ತೇ ಗೊತ್ತಾಗಿದ್ದು. ವಕೀಲರಿಗೆ ಒಂದು ರೂಪಾಯಿ ಕೊಡಲಿಲ್ಲ, ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ನನಗೆ ಬಹಳ ಹಿಡಿಸಿದ್ದು ಒಂದೇ ಪ್ರಶ್ನೆ: "ನಿಮಗೆ ಏನು ಬೇಕು?" ಮದುವೆಯಾಗಿ ಒಂಬತ್ತು ವರ್ಷದಲ್ಲಿ ಯಾರೂ ಹಾಗೆ ಕೇಳಿಲ್ಲ ಎಂದು ಬಸ್ಸಿನಲ್ಲಿ ಹೇಳಿ ಅತ್ತಳು.

ಕೊರತೆ ಇದೆ. ಅಲ್ಲಿ ಐದು ದಿನದವರೆಗೆ ಮಾತ್ರ ಇರಬಹುದು. ಮಗು ಎತ್ತಿಕೊಂಡು ಬಂದವಳಿಗೆ ಐದು ದಿನ ಏನೇನೂ ಸಾಲದು. ಆಮೇಲೆ ಬೇರೆ ಊರಿನ ವಸತಿಗೆ ಕಳಿಸುತ್ತೇವೆ ಎಂದರು. ಅವಳ ಕೆಲಸ ಇಲ್ಲೇ ಇದೆ. ಹಾಗಾಗಿ ಮೂರು ವಾರ ನನ್ನ ಹೊಲಿಗೆ ಕೋಣೆಯಲ್ಲೇ ಇದ್ದಳು. ಕೋರ್ಟಿಗೆ ಹಾಕಿದ ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನದಲ್ಲಿ ಮುಗಿಸಲು ನೋಡಬೇಕು ಎಂದು ಕಾನೂನು ಹೇಳುತ್ತದೆ. ಇವಳ ಅರ್ಜಿಗೆ ಐದನೇ ತಿಂಗಳು ನಡೆಯುತ್ತಿದೆ. ಮಧ್ಯಂತರ ಆದೇಶ, ಅಂದರೆ ಕೇಸು ಮುಗಿಯುವ ಮೊದಲೇ ಕೋರ್ಟು ಕೊಡುವ ಆದೇಶ, ಸಿಕ್ಕಿದ್ದರಿಂದ ಈಗ ತನ್ನ ಮನೆಯಲ್ಲೇ ಇದ್ದಾಳೆ. ಕಾರ್ಡೂ ಕೈಗೆ ಬಂದಿದೆ.

ಹೋಗುವವರು ಆಧಾರ್, ಮದುವೆ ಫೋಟೊ, ಹಳೆಯ ಆಸ್ಪತ್ರೆ ಚೀಟಿ ಇದ್ದರೆ ಇಟ್ಟುಕೊಳ್ಳಿ. ಹುಡುಕುತ್ತಾ ಕೂರಬೇಡಿ, ನಾವು ಬರಿಗೈಲಿ ಹೋಗಿದ್ದೆವು. ಹದಿನೆಂಟು ತುಂಬದ ಹುಡುಗಿಯರನ್ನೂ ಅಲ್ಲಿಗೆ ಕರೆದುಕೊಂಡು ಹೋಗಬಹುದು. ರಾತ್ರಿಯೂ ತೆರೆದಿರುತ್ತದೆ.