ಉಪ್ಪುನೀರಾ, ಒಣ ಉಪ್ಪಾ? ಒಂದೇ ಬಂಗುಡೆಯ ಎರಡು ಹೋಳಿಗೆ ಹೊಗೆ ಹಾಕಿ ನೋಡಿದ್ದು

ಮನೇಲಿ ಮೀನಿಗೆ ಹೊಗೆ ಹಾಕೋಕೆ ಶುರು ಮಾಡಿದಾಗಿಂದ ತಲೆ ತಿಂತಾ ಇದ್ದ ಪ್ರಶ್ನೆ ಇದು, ಉಪ್ಪುನೀರಲ್ಲಿ ಮುಳುಗಿಸಿದ್ರೆ ಒಳ್ಳೇದಾ ಅಥವಾ ಒಣ ಉಪ್ಪು ಸವರಿದ್ರೆ ಸಾಕಾ ಅಂತ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕೊನೆಗೆ ನಾನೇ ಬಂಗುಡೆ ಸೀಳಿ ಬಲಗಡೆ ಹೋಳುಗಳನ್ನ ಒಂದು ರೀತಿ, ಎಡಗಡೆ ಹೋಳುಗಳನ್ನ ಇನ್ನೊಂದು ರೀತಿ ಮಾಡ್ದೆ, ಆಗ ಮೀನು ಬೇರೆ ಇತ್ತು ಅನ್ನೋ ನೆಪ ಹೇಳೋಕಾಗಲ್ಲ ನೋಡಿ.

ಉಪ್ಪುನೀರಿಗೆ 1 ಲೀಟರ್ ನೀರು, 70 ಗ್ರಾಂ ಉಪ್ಪು, 30 ಗ್ರಾಂ ಸಕ್ಕರೆ. ಫ್ರಿಜ್ಜಲ್ಲೇ 45 ನಿಮಿಷ ಇಟ್ಟೆ. ಒಣ ಉಪ್ಪಿಗೆ ಮೀನನ್ನ ತೂಕ ಹಾಕಿ ಅದರ ಶೇಕಡಾ 2.5ರಷ್ಟು ಉಪ್ಪು, ಅಂದ್ರೆ 400 ಗ್ರಾಂ ಮೀನಿಗೆ 10 ಗ್ರಾಂ, ಜೊತೆಗೆ ಅದರರ್ಧ ಸಕ್ಕರೆ, ಸವರಿ ಮುಚ್ಚಿ ರಾತ್ರಿಯಿಡೀ ಫ್ರಿಜ್ಜಲ್ಲಿ. ಇಲ್ಲಿ ದಯವಿಟ್ಟು ಚಮಚದ ಲೆಕ್ಕ ಬೇಡ. ಕಲ್ಲುಪ್ಪು ಒಂದು ಚಮಚ, ಪುಡಿಉಪ್ಪು ಒಂದು ಚಮಚ ಎರಡೂ ಒಂದೇ ತೂಕ ಇರಲ್ಲ. ಮೊದಲನೇ ಸಲ ನಾನು ಅಂದಾಜಲ್ಲಿ ಮುಷ್ಟಿಗಟ್ಲೆ ಉಪ್ಪು ಹಾಕಿ ರಾತ್ರಿ ಬಿಟ್ಟು, ಬೆಳಿಗ್ಗೆ ಕೈಗೆ ಬಂದಿದ್ದು ಒಣಮೀನಿನ ತಮ್ಮ, ಮೂರು ಸಲ ತೊಳೆದ್ರೂ ಬಾಯಿಗಿಡೋಕೆ ಆಗ್ಲಿಲ್ಲ.

ಉಪ್ಪುನೀರಿನ ಅನುಕೂಲ ಅಂದ್ರೆ ಉಪ್ಪು ಎಲ್ಲಾ ಕಡೆ ಸಮವಾಗಿ ಮುಟ್ಟುತ್ತೆ, ಬೇಗ ಮುಗಿಯುತ್ತೆ. ಆದ್ರೆ ಗಡಿಯಾರ ನೋಡ್ತಾ ಕೂತಿರ್ಬೇಕು, ಬಾಲದ ಕಡೆ ತೆಳು ಇರೋದ್ರಿಂದ ಅಲ್ಲಿ ಉಪ್ಪು ಜಾಸ್ತಿ ಆಗೋಗುತ್ತೆ, ದಪ್ಪ ಇರೋ ಕಡೆ ಇನ್ನೂ ಸಪ್ಪೆ. ಒಣ ಉಪ್ಪಲ್ಲಿ ತೂಕದ ಲೆಕ್ಕ ಹಿಡಿದ್ರೆ ಎರಡು ಗಂಟೆ ಲೇಟಾದ್ರೂ ಮೀನು ಅದಕ್ಕಿಂತ ಉಪ್ಪಾಗೋಕೆ ಸಾಧ್ಯನೇ ಇಲ್ಲ, ಹಾಕಿರೋದೇ ಅಷ್ಟು ತಾನೇ. ಬೆಳಿಗ್ಗೆ ನೋಡಿದ್ರೆ ಪಾತ್ರೆ ತಳದಲ್ಲಿ ಮೀನು ಬಿಟ್ಟ ನೀರು ನಿಂತಿತ್ತು, ಮಾಂಸ ಗಟ್ಟಿಯಾಗಿ ಸ್ವಲ್ಪ ಗಾಜಿನ ಹಾಗೆ ಹೊಳೀತಿತ್ತು.

ಆದ್ರೆ ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಒಣಗಿಸುವಾಗ. ಹೊಗೆಗೆ ಇಡೋ ಮುಂಚೆ ಮೀನನ್ನ ಒರೆಸಿ ಜಾಲರಿ ಮೇಲೆ ಫ್ರಿಜ್ಜಲ್ಲಿ ಮುಚ್ಚದೆ ಇಡ್ಬೇಕು, ಮೇಲೆ ಒಂದು ತೆಳು ಪದರ ಕಟ್ಟುತ್ತೆ. ಬೆರಳಿಟ್ಟು ನೋಡಿ, ಒದ್ದೆ ಅಂಟಬಾರದು, ಗೋಂದು ಅರ್ಧ ಒಣಗಿದಾಗ ಬೆರಳನ್ನ ಹಿಡಿದೆಳೆದು ಬಿಡುತ್ತಲ್ಲ ಹಾಗಿರ್ಬೇಕು. ಹೊಗೆ ಕೂರೋದು ಅದರ ಮೇಲೇನೇ. ಒಣ ಉಪ್ಪಿನ ಹೋಳಿಗೆ ಇದು 2 ಗಂಟೇಲಿ ಬಂತು, ಉಪ್ಪುನೀರಿಂದಕ್ಕೆ 4 ಗಂಟೆ ಆದ್ರೂ ಮಧ್ಯೆ ಇನ್ನೂ ತೇವ. ನಂಗೆ ತಾಳ್ಮೆ ಇಲ್ದೆ ಹಾಗೇ ಇಟ್ಬಿಟ್ಟೆ. ಅದರ ಮೇಲೆ ಬಣ್ಣ ಪಟ್ಟೆ ಪಟ್ಟೆ, ಸೀಳುಗಳಿಂದ ಬೆಳ್ಳಗೆ ಮೊಸರಿನ ತುಣುಕಿನ ಥರ ಉಕ್ಕಿ ಬಂತು. ಹಾಳಾಗಿದ್ದಲ್ಲ, ಮೀನಿನ ಪ್ರೋಟೀನು, ಶಾಖ ಜೋರಾದ್ರೂ ಹೀಗೇ ಹೊರಗೆ ಬರುತ್ತೆ. ತಿನ್ನೋಕೆ ತೊಂದ್ರೆ ಇಲ್ಲ, ನೋಡೋಕೆ ಮಾತ್ರ ಬೇಜಾರು.

ಹೊಗೆ ಹಾಕಿದ್ದು ಮುಚ್ಚಳ ಇರೋ ಇದ್ದಿಲು ಗ್ರಿಲ್ಲಲ್ಲಿ, ಇದ್ದಿಲು ಒಂದು ಕಡೆ ಮೀನು ಇನ್ನೊಂದು ಕಡೆ. ಸೇಬಿನ ಮರದ ಚಿಪ್ಸ್ ನೆನೆಸಿ ಹಾಕಿ ಅಂತಾರಲ್ಲ, ಅದೂ ನೋಡ್ದೆ, ಮೊದಲು ಹತ್ತು ನಿಮಿಷ ಬರೋದು ಬರೀ ಆವಿ. ಒಣಗಿರೋದೇ ಸ್ವಲ್ಪ ಸ್ವಲ್ಪ ಹಾಕಿ. ದಟ್ಟ ಬಿಳಿ ಹೊಗೆ ಬಂದ್ರೆ ಗಾಳಿ ಕಿಂಡಿ ತೆಗೀರಿ, ಇಲ್ಲಾಂದ್ರೆ ಮೀನು ಕಹಿ. ಪೈನ್ ಥರದ ಅಂಟು ಒಸರೋ ಮರ ಬೇಡವೇ ಬೇಡ. ಒಳಗೆ 80ರಿಂದ 90 ಡಿಗ್ರಿ ಇಟ್ಕೊಂಡು, ಮೀನಿನ ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿ 63 ಡಿಗ್ರಿ ಮುಟ್ಟಿದ ಮೇಲೂ ಅರ್ಧ ಗಂಟೆ ಬಿಟ್ಟೆ.

ಗ್ರಿಲ್ ಇಲ್ದೋರಿಗೆ ಬಾಣಲೆ ಇದೆ. ಫಾಯಿಲ್ ಹಾಸಿ ಅರ್ಧ ಕಪ್ ಅಕ್ಕಿ, ಕಾಲು ಕಪ್ ಟೀ ಪುಡಿ, ಎರಡು ಚಮಚ ಸಕ್ಕರೆ, ಮೇಲೆ ಜಾಲರಿ, ಬಿಗಿ ಮುಚ್ಚಳ. ಸುಮಾರು 20 ನಿಮಿಷದಲ್ಲಿ ಕೆಲಸ ಆಯ್ತು. ರುಚಿ ಚೆನ್ನಾಗೇ ಇದೆ, ಆದ್ರೆ ಅದು ಸುಟ್ಟ ಸಕ್ಕರೆ ಮತ್ತು ಟೀ ರುಚಿ, ಮರದ್ದಲ್ಲ, ಮೀನಿನ ಒಳಗೂ ಇಳಿಯಲ್ಲ. ಫಾಯಿಲ್ ಮರೆತ್ರೆ ಬಾಣಲೆ ಆಸೆ ಬಿಡಿ. ಪರದೆ ಎರಡು ದಿನ ವಾಸನೆ ಹೊಡೀತಿತ್ತು, ಮನೇಲಿ ಬೈಗುಳ ಬೇರೆ.

ನಂಗೆ ಒಣ ಉಪ್ಪು ಪ್ಲಸ್ ಇದ್ದಿಲೇ ಸರಿ. ಮೆತ್ತಗೆ ರಸವಾಗಿ ಬೇಕು ಅನ್ನೋರಿಗೆ ಉಪ್ಪುನೀರಿಂದೇ ಇಷ್ಟ ಆಗ್ಬಹುದು, ಮನೇಲಿ ಇಬ್ಬರು ಅದನ್ನೇ ಆರಿಸಿದ್ರು. 30 ಡಿಗ್ರಿಗಿಂತ ಕೆಳಗೆ ಹಾಕೋ ತಣ್ಣನೆ ಹೊಗೆ ಮಾತ್ರ ನಾನು ಮುಟ್ಟಲ್ಲ, ಅದರಲ್ಲಿ ಮೀನು ಬೇಯೋದೇ ಇಲ್ಲ, ಲಿಸ್ಟೀರಿಯಾ ಥರದ ಬ್ಯಾಕ್ಟೀರಿಯಾ ಭಯ. ಬಿಸಿ ಹೊಗೆದೂ ಕೆಡಲ್ಲ ಅಂತ ಹೊರಗಿಡಬೇಡಿ, ಇಷ್ಟು ಕಮ್ಮಿ ಉಪ್ಪಿಗೆ ಅದು ಬೇಯಿಸಿದ ಮೀನೇ. 4 ಡಿಗ್ರಿಗಿಂತ ತಣ್ಣಗಿರೋ ಫ್ರಿಜ್ಜಲ್ಲಿ, ಗಾಳಿ ಆಡೋ ಹಾಗೆ ಕಾಗದದಲ್ಲಿ ಸುತ್ತಿ ಇಡ್ತೀನಿ. ಮಾರನೇ ದಿನ ಹೊಗೆಯ ಘಾಟು ಇಳಿದು ರುಚಿ ಇನ್ನೂ ಚೆನ್ನಾಗಿರುತ್ತೆ, ಅಷ್ಟೊತ್ತಿಗೆ ಉಳಿದಿದ್ರೆ.