ಸೀಮೆಸುಣ್ಣದಲ್ಲಿ ಬರೆದ ಬೆಟ್ಟ: ಮಾರ್ಕೊ ಪಾವೊಲೀನಿಯವರ ‘ವಾಯೊಂತ್’ ವಿಡಿಯೊ

ಒಂದು ಘನ ಮೀಟರ್ ನೀರು ಅಂದರೆ ಸಾವಿರ ಕಿಲೊ. ‘ಇಲ್ ರಕ್ಕೊಂತೊ ದೆಲ್ ವಾಯೊಂತ್’, ಅಂದರೆ ಉತ್ತರ ಇಟಲಿಯ ವಾಯೊಂತ್ ಅಣೆಕಟ್ಟಿನ ದುರಂತದ ಕಥನ, ನೋಡಲು ಕೂರುವ ಮುಂಚೆ ಇಷ್ಟು ಗೊತ್ತಿದ್ದರೆ ಸಾಕು. ಉಳಿದ ಲೆಕ್ಕವನ್ನು ಇಟಲಿಯ ನಟ ಮಾರ್ಕೊ ಪಾವೊಲೀನಿ ತಾವೇ ಮಾಡಿಸುತ್ತಾರೆ. ಸುಮಾರು ಮೂರು ಗಂಟೆಯ ಏಕವ್ಯಕ್ತಿ ಪ್ರದರ್ಶನ. ವೇಷವಿಲ್ಲ, ರಂಗಸಜ್ಜಿಕೆ ಎನ್ನುವಂಥದ್ದಿಲ್ಲ; ಕಪ್ಪುಹಲಗೆ, ಸೀಮೆಸುಣ್ಣ, ಮಾತು. 1997ರ ಅಕ್ಟೋಬರ್ 9ರ ರಾತ್ರಿ ಇಟಲಿಯ ಸರಕಾರಿ ಟಿವಿಯ ರಾಯ್ 2 ವಾಹಿನಿ ಅಣೆಕಟ್ಟಿನ ಜಾಗದಿಂದಲೇ ನೇರಪ್ರಸಾರ ಮಾಡಿದ ಪ್ರಯೋಗವೇ ಈ ವಿಡಿಯೊದಲ್ಲಿರುವುದು.

ಪಾವೊಲೀನಿ ಹುಟ್ಟಿದ್ದು 1956ರಲ್ಲಿ, ಅದೇ ಪರ್ವತಸೀಮೆಯ ಬೆಲ್ಲುನೊದಲ್ಲಿ. ನಿರ್ದೇಶಕ ಗಾಬ್ರಿಯೆಲೆ ವಾಚಿಸ್ ಜೊತೆ ಸೇರಿ ಕಟ್ಟಿದ ಈ ಕಥನವನ್ನು ಟಿವಿಗೆ ಬರುವ ಹೊತ್ತಿಗೆ ಅವರು ವರ್ಷಗಟ್ಟಲೆ ಊರೂರು ಸುತ್ತಿ ಹೇಳಿ ಪಳಗಿದ್ದರು. ಎಲ್ಲೂ ಕಾಗದ ನೋಡುವುದಿಲ್ಲ, ಇಸವಿ ತಡವರಿಸುವುದಿಲ್ಲ. ಪ್ರಸಾರವಾದ ದಿನವೇ ಇಟಲಿಯ ನಾಟಕಕಾರ, ನಟ ದಾರಿಯೊ ಫೋ ಅವರಿಗೆ ನೊಬೆಲ್ ಘೋಷಣೆಯಾದದ್ದು ಕಾಕತಾಳೀಯ. ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ. ಫೋ ‘ಮಿಸ್ತೆರೊ ಬುಫೊ’ದಲ್ಲಿ ಒಬ್ಬರೇ ನಿಂತು ಇಡೀ ಗುಂಪನ್ನೇ ಮೈಯಲ್ಲಿ ತಂದುಕೊಳ್ಳುತ್ತಾರೆ, ಪಾವೊಲೀನಿ ಪಾತ್ರದೊಳಗೆ ಕ್ಷಣ ಹೊಕ್ಕು ಹೊರಬಂದು ಮತ್ತೆ ಕಥೆಗಾರರಾಗುತ್ತಾರೆ. ಹರಿಕಥೆ ಕೇಳಿ ಬೆಳೆದ ಕಿವಿಗೆ ಈ ಪಟ್ಟು ಹೊಸದೇನಲ್ಲ.

ಕಥೆ 1963ರದು. ವಾಯೊಂತ್ ಕಣಿವೆಯಲ್ಲಿ ಸಾದೆ ಎಂಬ ವಿದ್ಯುತ್ ಕಂಪನಿ 261.6 ಮೀಟರ್ ಎತ್ತರದ ಕಮಾನು ಅಣೆಕಟ್ಟು ಕಟ್ಟಿತು. ಅಕ್ಟೋಬರ್ 9ರ ರಾತ್ರಿ 10.39ಕ್ಕೆ ಎಡದಂಡೆಯ ತೊಕ್ ಬೆಟ್ಟದಿಂದ ಸುಮಾರು 26 ಕೋಟಿ ಘನ ಮೀಟರ್ ಬಂಡೆಮಣ್ಣು ಜಾರಿ ಜಲಾಶಯಕ್ಕೆ ಬಿತ್ತು. ನೀರು ಅಣೆಕಟ್ಟನ್ನು ಹಾರಿ ಕೆಳಗಿನ ಲೊಂಗರೋನೆ ಊರನ್ನು ಒರೆಸಿಹಾಕಿತು; 1,900ಕ್ಕೂ ಹೆಚ್ಚು ಜನ ಸತ್ತರು. ಅಣೆಕಟ್ಟು ಒಡೆಯಲಿಲ್ಲ, ಇವತ್ತಿಗೂ ನಿಂತಿದೆ.

ಈ ಅಂತ್ಯ ನೋಡುಗರಿಗೆಲ್ಲ ಮೊದಲೇ ಗೊತ್ತು. ಹಾಗಾಗಿ ಕುತೂಹಲ ಇರುವುದು ಏನಾಯಿತು ಎಂಬುದರಲ್ಲಲ್ಲ, ಯಾರಿಗೆ ಯಾವಾಗ ಗೊತ್ತಿತ್ತು ಎಂಬುದರಲ್ಲಿ. 1959ರ ಮಾರ್ಚ್‌ನಲ್ಲಿ ಪಕ್ಕದ ಪೊಂತೆಸೆಯಿ ಜಲಾಶಯಕ್ಕೆ ಗುಡ್ಡ ಕುಸಿದು ಒಬ್ಬ ಕಾವಲುಗಾರ ಸತ್ತ. 1960ರ ನವೆಂಬರ್ 4ರಂದು ತೊಕ್‌ನಿಂದಲೇ 7 ಲಕ್ಷ ಘನ ಮೀಟರ್ ಜಾರಿತು. ಬೆಟ್ಟದ ಮೇಲೆ ಎರಡು ಕಿಲೊಮೀಟರ್ ಉದ್ದದ ಬಿರುಕು ಬಾಯಿಬಿಟ್ಟಿತು. ಅದೇ ತಿಂಗಳ ಕೊನೆಗೆ ಮಿಲಾನಿನ ನ್ಯಾಯಾಲಯ ಈ ಅಪಾಯದ ಬಗ್ಗೆ ಬರೆದಿದ್ದ ಪತ್ರಕರ್ತೆ ತೀನಾ ಮೆರ್ಲಿನ್ ಅವರನ್ನು ಖುಲಾಸೆ ಮಾಡಿತು. ಅವರ ಮೇಲಿದ್ದ ಆರೋಪ, ಸುಳ್ಳು ಸುದ್ದಿ ಬರೆದು ಜನರಲ್ಲಿ ಗಾಬರಿ ಹುಟ್ಟಿಸಿದ್ದು! ಆಮೇಲೆ ಜಲಾಶಯದ ಪುಟ್ಟ ಮಾದರಿ ಕಟ್ಟಿ ಜಲ್ಲಿಕಲ್ಲು ಸುರಿದು ಪರೀಕ್ಷೆ ನಡೆಯಿತು. ನೀರು ಸಮುದ್ರಮಟ್ಟದಿಂದ 700 ಮೀಟರ್ ಎತ್ತರದವರೆಗೆ ನಿಂತರೂ ಭಯವಿಲ್ಲ ಎಂದಿತು ಫಲಿತಾಂಶ. ತಪ್ಪಿದ್ದು ಇಲ್ಲೇ: ಪರೀಕ್ಷೆ ಹಿಡಿದ ಗಾತ್ರ 4 ಕೋಟಿ ಘನ ಮೀಟರ್, ಅದೂ ಬಿಡಿಬಿಡಿಯಾಗಿ ಉರುಳುವ ಜಲ್ಲಿ. ಬೆಟ್ಟ ಬಂದದ್ದು ಒಂದೇ ಹಾಸಾಗಿ, ಒಂದು ನಿಮಿಷದೊಳಗೆ. ಆ ರಾತ್ರಿ ನೀರಿದ್ದದ್ದು ಸರಿಸುಮಾರು ಅದೇ 700ರ ಗೆರೆಯಲ್ಲಿ. ಅಂಕಿಯೊಂದು ಖಳನಾಯಕನಾಗುವುದನ್ನು ರಂಗದ ಮೇಲೆ ನೋಡಬೇಕೆಂದರೆ ಇದನ್ನು ನೋಡಬೇಕು.

ಕೊರತೆಗಳಿವೆ. ನಡುವಿನ ಮುಕ್ಕಾಲು ಗಂಟೆಯಲ್ಲಿ ಆಯೋಗ, ಸಚಿವಾಲಯ, ಎಂಜಿನಿಯರುಗಳ ಹೆಸರು ಒಂದರ ಮೇಲೊಂದು ಬಿದ್ದು ತಲೆ ಕೆಡುತ್ತದೆ. ಕಂಪನಿಯವರನ್ನು ಗೇಲಿ ಮಾಡುವಾಗ ಚಪ್ಪಾಳೆ ತುಸು ಸಲೀಸಾಗಿ ಸಿಗುತ್ತದೆ. ದೊಡ್ಡ ತೊಡಕು ಭಾಷೆಯದು: ಸಿಟ್ಟು ಬಂದಾಗ, ನಗಿಸುವಾಗ ಅವರು ಇಟಾಲಿಯನ್ ಬಿಟ್ಟು ಈಶಾನ್ಯ ಇಟಲಿಯ ವೆನೆತೊ ಸೀಮೆಯ ಆಡುಮಾತಿಗೆ ಜಾರುತ್ತಾರೆ. ಆ ಜಾಗಗಳಲ್ಲಿ ಯಂತ್ರ ಮಾಡಿದ ಅಡಿಬರಹವನ್ನು ನಂಬಿದರೆ ಕೆಟ್ಟಿರಿ.

ಅದಕ್ಕೆ ಉಪಾಯ: ಫ್ರಾನಾ ಅಂದರೆ ಕುಸಿತ, ದೀಗಾ ಅಂದರೆ ಅಣೆಕಟ್ಟು, ಇನ್ವಾಸೊ ಅಂದರೆ ಜಲಾಶಯ ತುಂಬಿಸುವುದು, ಕೊಲ್ಲಾವ್ದೊ ಅಂದರೆ ಕೊನೆಯ ಸರಕಾರಿ ಪರೀಕ್ಷೆ. ಈ ನಾಲ್ಕು ಪದ ಬಾಯಿಪಾಠವಿರಲಿ. ಎರ್ತೊ, ಕಾಸ್ಸೊ, ಲೊಂಗರೋನೆ ಊರುಗಳು, ಪಿಯಾವೆ ನದಿ ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಒಮ್ಮೆ ನೋಡಿಕೊಳ್ಳಿ. ಪಠ್ಯ 1997ರಲ್ಲಿ ಗಾರ್ಜಾಂತಿ ಪ್ರಕಾಶನದಿಂದ ಬಂತು. ವಿಡಿಯೊ ಜೊತೆಗಿನ ಪುಸ್ತಕ 1999ರಲ್ಲಿ ಎಯ್ನೌದಿ ಪ್ರಕಾಶನದಿಂದ. ಪುಸ್ತಕವನ್ನು ಮೊದಲು ಓದಿ ಮುಗಿಸಿ, ಆಮೇಲೆ ನೋಡಿ. ಎದುರಿಗಿಟ್ಟುಕೊಂಡು ಸಾಲುಸಾಲು ಹೊಂದಿಸಲು ಹೋದರೆ ಆಟ ಕೈತಪ್ಪುತ್ತದೆ.

ಇದು ಹಿಡಿಸಿದರೆ ಮುಂದಿನದು ‘ಆವ್ಸ್‌ಮೆರ್ತ್ಸೆನ್’, 2011: ನಾತ್ಸಿಗಳು ಅಂಗವಿಕಲರನ್ನು, ಮನೋರೋಗಿಗಳನ್ನು ಕೊಂದ ಕಥೆ, ಮಿಲಾನಿನ ಹಳೆಯ ಮಾನಸಿಕ ಆಸ್ಪತ್ರೆಯೊಳಗಿಂದ ಪ್ರಸಾರವಾದದ್ದು. ಗೆಲಿಲಿಯೊ ಕುರಿತ 2012ರ ಪ್ರಯೋಗ ಗ್ರಾನ್ ಸಾಸ್ಸೊ ಭೂಗತ ಪ್ರಯೋಗಾಲಯದಲ್ಲಿ ನಡೆಯಿತು; ಹಗುರವಾಗಿದೆ, ಹೊಸಬರಿಗೆ ಸುಲಭ. ಟಿವಿಯ ‘ರಿಪೋರ್ಟ್’ ಕಾರ್ಯಕ್ರಮಕ್ಕಾಗಿ ಮಾಡಿದ ಕಿರು ಏಕಪಾತ್ರಗಳಲ್ಲಿ ಭೋಪಾಲ್ ದುರಂತದ್ದೂ ಇದೆ, ನಮ್ಮವರು ಹುಡುಕಿ ನೋಡುವಂಥದ್ದು. ಬಾಲ್ಯ, ಫುಟ್ಬಾಲು, ಸಣ್ಣ ಊರಿನ ನೆನಪುಗಳ ‘ಆಲ್ಬಮ್’ ಸರಣಿಯಿಂದ ಮಾತ್ರ ಶುರು ಮಾಡಬೇಡಿ; ವೆನೆತೊ ಸೀಮೆಯ ಒಳನಗೆ ಗೊತ್ತಿಲ್ಲದವರಿಗೆ ಅದರ ಅರ್ಧ ಸೋರಿಹೋಗುತ್ತದೆ.